ಹಳೆಯ ಗಾಡಿಗೆ ಹಿರಿಯ ಎಂಜಿನು

ಉಡುಪಿಯಿಂದ ಹೊರಟು, ಮಣಿಪಾಲ ಪರ್ಕಳಗಳನ್ನು ದಾಟಿ, ಹಿರಿಯಡ್ಕದ ಪೇಟೆಯನ್ನು ಹೊಕ್ಕು, ಪೆರ್ಡೂರು ಹೆಬ್ರಿಗಳ ಮಾರ್ಗವಾಗಿ ಸೋಮೇಶ್ವರದಿಂದ ಆಗುಂಬೆಯ ಘಟ್ಟವನ್ನೇರುವ ಹೆದ್ದಾರಿಯು ನಮ್ಮ ಜಿಲ್ಲೆಯ ಮೋಟಾರು ಗಾಡಿಗಳಿಗೆ ಬಹುಕಾಲದಿಂದಲೂ ಪರೀಕ್ಷೆಯ ಕಣವಾಗಿರುವುದು. ಕರಾವಳಿಯ ಸಮತಟ್ಟಿನಲ್ಲಿ ಯಾವ ಗಾಡಿಯಾದರೂ ಓಡೀತು. ಘಟ್ಟದ ಹದಿನಾಲ್ಕು ತಿರುವುಗಳಲ್ಲಿ ಅದರ ನಿಜವಾದ ಸತ್ತ್ವವು ಬಯಲಿಗೆ ಬರುವುದು. ಏರಿನಲ್ಲಿ ಉಸಿರು ಕಟ್ಟಿ ನಿಂತು, ರೇಡಿಯೇಟರಿನಿಂದ ಹಬೆಯನ್ನು ಕಾರುತ್ತಿರುವ ಗಾಡಿಯನ್ನು ಕಂಡಾಗ, "ಇನ್ನೂ ಸ್ವಲ್ಪ ದೊಡ್ಡ ಎಂಜಿನು ಇದ್ದಿದ್ದರೆ!" ಎಂಬ ಆಸೆಯು ಚಾಲಕರ ಮನಸ್ಸಿನಲ್ಲಿ ಹುಟ್ಟದಿದ್ದೀತೇ?

ಈ ಆಸೆಯು ನಮ್ಮ ಚಾಲಕರದು ಮಾತ್ರವಲ್ಲ. ಮೋಟಾರು ಗಾಡಿಗಳ ತವರುಮನೆಗಳಲ್ಲೊಂದಾದ ಇಂಗ್ಲೆಂಡಿನಲ್ಲಿಯೂ ಇದೇ ಆಸೆಯು ಹುಟ್ಟಿ, ಅಲ್ಲಿಯ ಚಿಕ್ಕ ಸ್ಪೋರ್ಟ್ಸ್ ಕಾರುಗಳ ಚರಿತ್ರೆಯನ್ನೇ ತಿದ್ದಿತು. ಆ ಚರಿತ್ರೆಯ ಒಂದು ಕವಲು ನಮ್ಮ ಮನೆಯಂಗಳದ ಅಂಬಾಸಿಡರ್ ಕಾರಿನವರೆಗೂ ಹರಿದುಬಂದಿರುವುದನ್ನು ಅನೇಕರು ಗಮನಿಸಿದಂತಿಲ್ಲ. ಹಳೆಯ ಗಾಡಿಯ ಮೈಯನ್ನು ಹಾಗೆಯೇ ಉಳಿಸಿಕೊಂಡು ಅದರ ಹೃದಯವನ್ನು ಬದಲಿಸಿದರೆ ಅದು ಹಳೆಯ ಗಾಡಿಯಾಗಿಯೇ ಉಳಿಯುವುದೇ ಎಂಬ ಪ್ರಶ್ನೆಯು ಈಗ ನಮ್ಮ ದೇಶದ ಕಾನೂನಿನ ಮುಂದೆಯೂ ನಿಂತಿರುವುದರಿಂದ, ಈ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಅರಿಯುವುದು ಅನುಚಿತವಾಗಲಾರದು.

ಒಂದೇ ಮನೆತನದ ಎರಡು ಕವಲುಗಳು

ವಿಲಿಯಂ ಮೋರಿಸನು ಆಕ್ಸ್‌ಫರ್ಡ್ ಪಟ್ಟಣದಲ್ಲಿ ಸೈಕಲ್ಲುಗಳ ಕೆಲಸದಿಂದ ಆರಂಭಿಸಿ ೧೯೧೩ರಲ್ಲಿ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರನ್ನು ಹೊರತಂದನು. ಅವನದೇ ಆದ ಮೋರಿಸ್ ಗ್ಯಾರೇಜಸ್ ಎಂಬ ಮಾರಾಟದ ಮಳಿಗೆಯಲ್ಲಿ ೧೯೨೨ರಿಂದ ಮೇಲ್ವಿಚಾರಕನಾಗಿದ್ದ ಸೆಸಿಲ್ ಕಿಂಬರನು ಮೋರಿಸ್ ಗಾಡಿಗಳ ಸಾಮಾನ್ಯ ಚೌಕಟ್ಟಿಗೆ ಹಗುರವಾದ ಅಂದದ ಮೈಯನ್ನು ತೊಡಿಸಿ ಮಾರತೊಡಗಿದನು. ಮಳಿಗೆಯ ಹೆಸರಿನ ಮೊದಲಕ್ಷರಗಳಿಂದಲೇ ಆ ಗಾಡಿಗಳಿಗೆ ಎಂ.ಜಿ. ಎಂಬ ಹೆಸರು ಬಂದಿತು. ಹೀಗೆ ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧವಾದ ಸ್ಪೋರ್ಟ್ಸ್ ಕಾರು ಸಂಸಾರಿಗರ ಸಾಧಾರಣ ಕಾರಿನ ಮಗಳೇ ಹೊರತು ಬೇರೆ ಕುಲದಿಂದ ಬಂದುದಲ್ಲ.

ಇತ್ತ ನಮ್ಮ ದೇಶದಲ್ಲಿ ೧೯೪೨ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೋಟಾರ್ಸ್ ಕಂಪನಿಯು ಅದೇ ಮೋರಿಸ್ ಮನೆತನದ ಗಾಡಿಗಳನ್ನು ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿತು. ೧೯೫೪ರ ಲ್ಯಾಂಡ್‌ಮಾಸ್ಟರ್, ಅನಂತರದ ಅಂಬಾಸಿಡರ್, ಇವೆರಡೂ ಮೋರಿಸ್ ಆಕ್ಸ್‌ಫರ್ಡಿನ ರೂಪಾಂತರಗಳೇ. ಅಂಬಾಸಿಡರಿನಲ್ಲಿ ಮೊದಲು ಇದ್ದುದು ೧೪೭೬ ಸಿ.ಸಿ.ಯ ಹಳೆಯ ಮಾದರಿಯ ಎಂಜಿನು. ಸ್ವಲ್ಪಕಾಲದಲ್ಲಿಯೇ ಅದರ ಸ್ಥಾನದಲ್ಲಿ 'ಬಿ' ಶ್ರೇಣಿಯೆಂದು ಹೆಸರಾದ ೧೪೮೯ ಸಿ.ಸಿ.ಯ ಎಂಜಿನು ಬಂದಿತು. ಇದೇ ಶ್ರೇಣಿಯ, ಇದೇ ೧೪೮೯ ಸಿ.ಸಿ. ಗಾತ್ರದ ಎಂಜಿನನ್ನು ಇಂಗ್ಲೆಂಡಿನಲ್ಲಿ ೧೯೫೫ರ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿಗೆ ಜೋಡಿಸಿದ್ದರು. ಉಡುಪಿಯ ರಥಬೀದಿಯ ಬದಿಯಲ್ಲಿ ಬಾಡಿಗೆಗಾಗಿ ನಿಂತಿದ್ದ ಅಂಬಾಸಿಡರ್, ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಕೆಂಬಣ್ಣದ ಎಂ.ಜಿ.ಎ., ಇವೆರಡರ ಎದೆಯಲ್ಲಿಯೂ ಮಿಡಿಯುತ್ತಿದ್ದುದು ಒಂದೇ ಜಾತಿಯ ಹೃದಯವೆಂದರೆ ಅತಿಶಯೋಕ್ತಿಯಲ್ಲ.

ಇಲ್ಲಿ ಸಿ.ಸಿ. ಎಂಬ ಅಳತೆಯ ಅರ್ಥವನ್ನು ಹೇಳಿಬಿಡುವುದು ಲೇಸು. ಎಂಜಿನಿನ ಸಿಲಿಂಡರುಗಳಲ್ಲಿ ಕೊಂತವು, ಎಂದರೆ ಪಿಸ್ಟನ್ನು, ಮೇಲಿಂದ ಕೆಳಗೆ ಸರಿದಾಗ ತೆರವಾಗುವ ಒಟ್ಟು ಜಾಗವನ್ನು ಘನ ಸೆಂಟಿಮೀಟರುಗಳಲ್ಲಿ ಎಣಿಸಿದರೆ ಆ ಸಂಖ್ಯೆಯು ದೊರೆಯುವುದು. ಜಾಗವು ಹೆಚ್ಚಿದಷ್ಟೂ ಒಂದು ಸುತ್ತಿನಲ್ಲಿ ಸೇರುವ ಗಾಳಿಯೂ ಪೆಟ್ರೋಲೂ ಹೆಚ್ಚು. ಅವು ಹೆಚ್ಚಿದಷ್ಟೂ ಅಚ್ಚನ್ನು ತಿರುಗಿಸುವ ಬಲ ಹೆಚ್ಚು. ಎಂ.ಜಿ. ಕಾರ್ಖಾನೆಯವರು ಈ ದಾರಿಯಲ್ಲಿ ಮೆಟ್ಟಲು ಮೆಟ್ಟಲಾಗಿ ಏರಿದರು. ೧೪೮೯ ಇದ್ದುದು ೧೯೫೯ರಲ್ಲಿ ೧೫೮೮ ಆಯಿತು, ೧೯೬೧ರಲ್ಲಿ ೧೬೨೨, ೧೯೬೨ರಲ್ಲಿ ಬಂದ ಎಂ.ಜಿ.ಬಿ.ಯಲ್ಲಿ ೧೭೯೮. ಸಿಲಿಂಡರಿನ ಅಗಲವನ್ನು ಕೊರೆದು ಹೆಚ್ಚಿಸುತ್ತ ಹೋದ ಈ ಕ್ರಮವು ಒಂದು ಹಂತದವರೆಗೆ ಮಾತ್ರ ಸಾಧ್ಯ. ಕಬ್ಬಿಣದ ಗೋಡೆಯು ತೆಳುವಾದ ಮೇಲೆ ಕೊರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಆಗ ಉಳಿಯುವ ಮಾರ್ಗವು ಒಂದೇ: ಹಳೆಯ ಎಂಜಿನನ್ನು ಇಳಿಸಿ, ಬೇರೊಂದು ಹಿರಿಯ ಎಂಜಿನನ್ನು ಏರಿಸುವುದು.

ಕಡಲಾಚೆಯ ಹೃದಯ

ಎರಡನೆಯ ಮಹಾಯುದ್ಧವು ಮುಗಿದಾಗ ಇಂಗ್ಲೆಂಡಿನಲ್ಲಿ ಹಗುರವಾದ, ಚುರುಕಾದ ಚಾಸಿಗಳನ್ನು ಕಟ್ಟಬಲ್ಲ ಕುಶಲರಿದ್ದರು. ದೊಡ್ಡ ಎಂಜಿನುಗಳು ಇರಲಿಲ್ಲ. ಅಮೆರಿಕೆಯಲ್ಲಾದರೋ ಎಂಟು ಸಿಲಿಂಡರಿನ ಬಲಿಷ್ಠ ಎಂಜಿನುಗಳು ಸಮೃದ್ಧವಾಗಿದ್ದವು. ಅವುಗಳನ್ನು ಹೊತ್ತ ಗಾಡಿಗಳು ಮಾತ್ರ ಹಡಗಿನಂತೆ ಭಾರವಾಗಿದ್ದವು. ಇವೆರಡನ್ನೂ ಕೂಡಿಸಿದವರಲ್ಲಿ ಲಂಡನ್ನಿನ ಸಿಡ್ನಿ ಆಲಾರ್ಡನು ಮೊದಲಿಗರ ಸಾಲಿನವನು. ೧೯೫೦ರ ಲ ಮಾನ್ಸ್ ಪಂದ್ಯದಲ್ಲಿ, ಇಪ್ಪತ್ತನಾಲ್ಕು ಗಂಟೆಗಳ ಆ ಘೋರವಾದ ಓಟದಲ್ಲಿ, ಆಲಾರ್ಡನೂ ಟಾಮ್ ಕೋಲನೂ ಕ್ಯಾಡಿಲಾಕ್ ಎಂಜಿನಿದ್ದ ಜೆ-೨ ಕಾರನ್ನು ನಡೆಸಿ ಮೂರನೆಯ ಸ್ಥಾನವನ್ನು ಪಡೆದರು. ಆದರೆ ಓಟದ ನಡುವೆ ಗೇರುಪೆಟ್ಟಿಗೆಯು ಕೈಕೊಟ್ಟು, ಮೇಲಿನ ಗೇರೊಂದರಿಂದಲೇ ಮುಂದುವರಿಯಬೇಕಾಯಿತು. ಎಂಜಿನಿಗೆ ಬಲ ಬಂದರೆ ಸಾಲದು, ಆ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಅಂಗಗಳಿಗೂ ಅದೇ ಬಲ ಬೇಕೆಂಬ ಪಾಠವು ಆಗಲೇ ಕಾಣಿಸಿಕೊಂಡಿತು.

ಈ ಕಥೆಯ ಅತ್ಯಂತ ಪ್ರಸಿದ್ಧವಾದ ಅಧ್ಯಾಯವು ಕೋಬ್ರಾ ಕಾರಿನದು. ಸರೆ ಪ್ರಾಂತದ ಥೇಮ್ಸ್ ಡಿಟನ್ನಿನಲ್ಲಿದ್ದ ಎ.ಸಿ. ಕಂಪನಿಯು ೧೯೫೩ರಲ್ಲಿ ಏಸ್ ಎಂಬ ಸುಂದರವಾದ ಚಿಕ್ಕ ಕಾರನ್ನು ಹೊರತಂದಿತ್ತು. ಅದರ ಎಂಜಿನು ೧೯೧೯ರಷ್ಟು ಹಿಂದೆ ರೂಪಿಸಿದ್ದು. ೧೯೫೬ರಿಂದ ಬ್ರಿಸ್ಟಲ್ ಕಂಪನಿಯ ೧೯೭೧ ಸಿ.ಸಿ.ಯ ಎಂಜಿನು ಅದರಲ್ಲಿ ಬಂದು ಕಾರಿಗೆ ಹೊಸ ಯೌವನವನ್ನು ತಂದಿತು. ೧೯೬೧ರಲ್ಲಿ ಬ್ರಿಸ್ಟಲ್ ಕಂಪನಿಯು ಆ ಎಂಜಿನನ್ನು ತಯಾರಿಸುವುದನ್ನು ನಿಲ್ಲಿಸಲು, ಎ.ಸಿ.ಯವರು ದಿಕ್ಕು ತೋಚದಂತಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಟೆಕ್ಸಾಸಿನವನಾದ ಕ್ಯಾರಲ್ ಶೆಲ್ಬಿಯು ಅವರಿಗೆ ಪತ್ರವನ್ನು ಬರೆದು, ನಿಮ್ಮ ಚಾಸಿಯಲ್ಲಿ ಅಮೆರಿಕೆಯ ಎಂಟು ಸಿಲಿಂಡರಿನ ಎಂಜಿನನ್ನು ಕೂರಿಸಲು ಒಪ್ಪುವಿರಾ ಎಂದು ವಿಚಾರಿಸಿದನು. ಶೆಲ್ಬಿಯು ೧೯೫೯ರಲ್ಲಿ ಲ ಮಾನ್ಸ್ ಪಂದ್ಯವನ್ನು ಗೆದ್ದ ವೀರ. ಹೃದ್ರೋಗದಿಂದಾಗಿ ೧೯೬೦ರಲ್ಲಿ ಪಂದ್ಯಗಳಿಂದ ನಿವೃತ್ತನಾಗಿದ್ದವನು. ತನ್ನ ಹೃದಯವು ದುರ್ಬಲವಾದ ಕಾಲದಲ್ಲಿ ಅವನು ಚಿಕ್ಕದೊಂದು ಗಾಡಿಗೆ ದೊಡ್ಡ ಹೃದಯವನ್ನು ಹುಡುಕಿದುದು ವಿಧಿಯ ವಿನೋದವೆನ್ನಬೇಕು.

ಫೋರ್ಡ್ ಕಂಪನಿಯು ಆಗ ತಾನೇ ತೆಳುಗೋಡೆಯ ಎರಕದಿಂದ ಹಗುರವಾದ ಎಂಟು ಸಿಲಿಂಡರಿನ ಎಂಜಿನೊಂದನ್ನು ಸಿದ್ಧಪಡಿಸಿತ್ತು. ೧೯೬೨ರ ಫೆಬ್ರವರಿಯಲ್ಲಿ ಎಂಜಿನಿಲ್ಲದ ಚಾಸಿಯು ವಿಮಾನದಲ್ಲಿ ಲಾಸ್ ಏಂಜಲೀಸಿಗೆ ಬಂದಿಳಿಯಿತು. ಕೆಲವೇ ಗಂಟೆಗಳಲ್ಲಿ ೪.೨ ಲೀಟರಿನ ಫೋರ್ಡ್ ಎಂಜಿನು ಅದರೊಳಗೆ ಕುಳಿತಿತು. ಮರುವರ್ಷವೇ ೪.೭ ಲೀಟರು, ೧೯೬೫ರಲ್ಲಿ ಏಳು ಲೀಟರು! ಆದರೆ ವಾಚಕರು ಇಲ್ಲಿ ಒಂದು ಅಂಶವನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಏಳು ಲೀಟರಿನ ಎಂಜಿನು ಬಂದಾಗ ಹಳೆಯ ಚಾಸಿಯು ಸಾಲದೆ ಹೋಯಿತು. ಮೂರು ಅಂಗುಲದ ಮುಖ್ಯ ಕೊಳವೆಗಳ ಬದಲಿಗೆ ನಾಲ್ಕು ಅಂಗುಲದವುಗಳನ್ನು ಬಳಸಿದರು. ಅಡ್ಡಲಾಗಿ ಹಾಕಿದ್ದ ಪಟ್ಟಿ ಸ್ಪ್ರಿಂಗುಗಳನ್ನು ತೆಗೆದು ಸುರುಳಿ ಸ್ಪ್ರಿಂಗುಗಳನ್ನು ಇಟ್ಟರು. ಹೊರಗಿನ ಚೆಲುವು ಹೆಚ್ಚುಕಡಿಮೆ ಅದೇ. ಒಳಗಿನ ಎಲುಬಿನ ಗೂಡು ಬೇರೆಯೇ.

ಸುತ್ತಿಗೆಯ ಪೆಟ್ಟು, ತಕ್ಕಡಿಯ ತೂಕ

ರೂಟ್ಸ್ ಕಂಪನಿಯ ಸನ್‌ಬೀಮ್ ಆಲ್ಪೈನ್ ಎಂಬುದು ೧೫೯೨ ಸಿ.ಸಿ.ಯ, ನೋಡಲು ಮೋಹಕವಾದ, ಓಡಲು ಮಂದವಾದ ಕಾರು. ಕಂಪನಿಯ ಅಮೆರಿಕೆಯ ಪಶ್ಚಿಮ ತೀರದ ಪ್ರತಿನಿಧಿಯಾಗಿದ್ದ ಇಯಾನ್ ಗ್ಯಾರಾಡನು ಅದೇ ಶೆಲ್ಬಿಯ ಸಹಾಯದಿಂದ ಫೋರ್ಡಿನ ೪.೨ ಲೀಟರಿನ ಎಂಜಿನನ್ನು ಅದರಲ್ಲಿ ಕೂರಿಸಿ ನೋಡಿದನು. ಜಾಗವು ಎಷ್ಟು ಇಕ್ಕಟ್ಟಾಗಿತ್ತೆಂದರೆ, ಹಳೆಯ ಸ್ಟಿಯರಿಂಗಿನ ಪೆಟ್ಟಿಗೆಯನ್ನು ತೆಗೆದು ಬೇರೆ ಬಗೆಯದನ್ನು ಇಡಬೇಕಾಯಿತು. ಚಾಲಕನ ಮುಂದಿನ ತಗಡುಗೋಡೆಯನ್ನು ತಟ್ಟಿ ತಗ್ಗಿಸಬೇಕಾಯಿತು. ಹಿಂಬದಿಯ ಒಂದು ಸ್ಪಾರ್ಕ್ ಪ್ಲಗ್ಗನ್ನು ಬದಲಿಸಲು ಗಾಡಿಯೊಳಗಿಂದಲೇ ಒಂದು ಕಿಂಡಿಯನ್ನು ಕೊರೆಯಬೇಕಾಯಿತು. ೧೯೬೪ರಲ್ಲಿ ಟೈಗರ್ ಎಂಬ ಹೆಸರಿನಿಂದ ಹೊರಬಂದ ಈ ಕಾರು ಸುಮಾರು ಏಳು ಸಾವಿರದಷ್ಟು ತಯಾರಾಯಿತು. ೧೯೬೭ರಲ್ಲಿ ಕ್ರೈಸ್ಲರ್ ಕಂಪನಿಯು ರೂಟ್ಸ್ ಮನೆತನವನ್ನು ಕೈವಶ ಮಾಡಿಕೊಂಡಿತು. ತನ್ನ ಗಾಡಿಯಲ್ಲಿ ಪ್ರತಿಸ್ಪರ್ಧಿಯಾದ ಫೋರ್ಡಿನ ಎಂಜಿನಿರುವುದು ಅದಕ್ಕೆ ಸಹ್ಯವಾಗಲಿಲ್ಲ. ತನ್ನದೇ ಎಂಜಿನು ಆ ಇಕ್ಕಟ್ಟಿನಲ್ಲಿ ಹಿಡಿಸಲೂ ಇಲ್ಲ. ಹೀಗೆ ಪರರ ಹೃದಯದಿಂದ ಬದುಕಿದ ಹುಲಿಯು ಒಡೆಯರು ಬದಲಾದೊಡನೆ ಪ್ರಾಣವನ್ನು ನೀಗಿತು.

ಈಗ ಎಂ.ಜಿ.ಬಿ.ಯ ಕಡೆಗೆ ಹಿಂದಿರುಗೋಣ. ಒಂದೇ ಮೈಗೆ ಎರಡು ಬೇರೆ ಬೇರೆ ಹಿರಿಯ ಎಂಜಿನುಗಳನ್ನು ತೊಡಿಸಿದುದರಿಂದ ಅದರ ಚರಿತ್ರೆಯು ಪ್ರಯೋಗಶಾಲೆಯ ಪರೀಕ್ಷೆಯಂತೆ ನಿಚ್ಚಳವಾಗಿರುವುದು.

ಮೊದಲನೆಯದು ೧೯೬೭ರ ಎಂ.ಜಿ.ಸಿ. ಆಸ್ಟಿನ್-ಹೀಲಿ ೩೦೦೦ ಎಂಬ ಕಾರು ಕಾಲವಾಗುತ್ತಿದ್ದ ಸಮಯದಲ್ಲಿ ಅದರ ಸ್ಥಾನವನ್ನು ತುಂಬುವುದಕ್ಕಾಗಿ ೨೯೧೨ ಸಿ.ಸಿ.ಯ ಆರು ಸಿಲಿಂಡರಿನ ಎಂಜಿನನ್ನು ಎಂ.ಜಿ.ಬಿ.ಯ ಮೈಯಲ್ಲಿ ಇಟ್ಟರು. ಎಂಜಿನು ಉದ್ದವಾದುದರಿಂದ ಮುಂಬದಿಯ ಅಡ್ಡತೊಲೆಯನ್ನೇ ತೆಗೆದುಹಾಕಿ, ತಿರುಚುಸಲಾಕೆಯ ಸ್ಪ್ರಿಂಗುಗಳನ್ನು ಅಳವಡಿಸಿದರು; ಬಾನೆಟ್ಟಿನ ಮೇಲೆ ಉಬ್ಬನ್ನು ಎತ್ತಿದರು. ಅಶ್ವಶಕ್ತಿಯು ೯೫ರಿಂದ ೧೪೫ಕ್ಕೆ ಏರಿತು. ಆದರೆ ಕಬ್ಬಿಣದ ಆ ಎಂಜಿನು ಹಳೆಯದಕ್ಕಿಂತ ಸುಮಾರು ೯೫ ಕಿಲೋಗ್ರಾಮಿನಷ್ಟು ಹೆಚ್ಚು ತೂಗುತ್ತಿತ್ತು. ಆ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆಯೇ ಕುಳಿತಿತು. ನೇರದಾರಿಯಲ್ಲಿ ಓಡುವುದರಲ್ಲಿ ಗಾಡಿಗೆ ಸಾಟಿಯಿಲ್ಲ. ತಿರುವಿನಲ್ಲಿ ಮಾತ್ರ ಚಾಲಕನು ತಿರುಗಿಸಿದಷ್ಟು ಅದು ತಿರುಗಲೊಲ್ಲದು. ಆಗಿನ ಪತ್ರಿಕೆಗಳು ಅದನ್ನು ಕಟುವಾಗಿ ಟೀಕಿಸಿದವು. ಸುಮಾರು ಒಂಬತ್ತು ಸಾವಿರ ಗಾಡಿಗಳು ತಯಾರಾದ ಮೇಲೆ ೧೯೬೯ರಲ್ಲಿ ಅದು ನಿಂತುಹೋಯಿತು.

ಎರಡನೆಯ ಪ್ರಯೋಗವು ಕಾರ್ಖಾನೆಯಲ್ಲಿ ಹುಟ್ಟಿದುದಲ್ಲ. ಕೆಂಟ್ ಪ್ರಾಂತದ ಕೆನ್ ಕಾಸ್ಟೆಲ್ಲೊ ಎಂಬವನು ತನ್ನ ಚಿಕ್ಕ ವರ್ಕ್‌ಶಾಪಿನಲ್ಲಿ ರೋವರ್ ಕಂಪನಿಯ ೩೫೨೮ ಸಿ.ಸಿ.ಯ ಎಂಟು ಸಿಲಿಂಡರಿನ ಎಂಜಿನನ್ನು ಎಂ.ಜಿ.ಬಿ.ಗೆ ಜೋಡಿಸಿ ಮಾರತೊಡಗಿದನು. ಈ ಎಂಜಿನಿನ ಮೂಲವೂ ಅಮೆರಿಕೆಯದೇ. ಬ್ಯೂಯಿಕ್ ಕಂಪನಿಯು ೧೯೬೧ರಲ್ಲಿ ತಂದು ಬೇಗನೆ ಕೈಬಿಟ್ಟ ಈ ಅಲ್ಯೂಮಿನಿಯಮ್ ಎಂಜಿನಿನ ಹಕ್ಕನ್ನು ರೋವರ್ ಕಂಪನಿಯು ೧೯೬೫ರಲ್ಲಿ ಕೊಂಡುಕೊಂಡಿತ್ತು. ಗಾತ್ರದಲ್ಲಿ ಎಂ.ಜಿ.ಬಿ.ಯ ಎಂಜಿನಿನ ಇಮ್ಮಡಿಯಾದರೂ ಅಲ್ಯೂಮಿನಿಯಮ್ಮಿನದಾದುದರಿಂದ ತೂಕದಲ್ಲಿ ಹೆಚ್ಚುಕಡಿಮೆ ಸರಿಸಮಾನ. ಲೆಕ್ಕ ಹಾಕಿದರೆ ಪ್ರತಿಯೊಂದು ಸಿಲಿಂಡರಿನ ಪಾಲು ಎರಡರಲ್ಲಿಯೂ ೪೪೦ರಿಂದ ೪೫೦ ಸಿ.ಸಿ.ಯಷ್ಟೇ. ಗಾಡಿಯ ಮೂಗು ಭಾರವಾಗಲಿಲ್ಲ. ತಿರುವಿನ ಗುಣ ಕೆಡಲಿಲ್ಲ. ತಮ್ಮ ಎಂಜಿನಿಯರುಗಳಿಗೆ ದುಸ್ಸಾಧ್ಯವೆನಿಸಿದ್ದನ್ನು ಹೊರಗಿನವನೊಬ್ಬನು ಮಾಡಿತೋರಿಸಿದುದನ್ನು ಕಂಡು ಬ್ರಿಟಿಷ್ ಲೇಲ್ಯಾಂಡ್ ಕಂಪನಿಯು ಎಚ್ಚೆತ್ತು, ೧೯೭೩ರ ಆಗಸ್ಟಿನಲ್ಲಿ ತನ್ನದೇ ಎಂ.ಜಿ.ಬಿ. ಜಿ.ಟಿ. ವಿ-೮ನ್ನು ಮಾರುಕಟ್ಟೆಗೆ ತಂದಿತು. ೧೩೭ ಅಶ್ವಶಕ್ತಿ, ಗಂಟೆಗೆ ಸುಮಾರು ೨೦೦ ಕಿಲೋಮೀಟರು ವೇಗ.

ಆದರೆ ಕಾಲವು ಅನುಕೂಲವಾಗಿರಲಿಲ್ಲ. ಎರಡೇ ತಿಂಗಳುಗಳಲ್ಲಿ, ೧೯೭೩ರ ಅಕ್ಟೋಬರಿನಲ್ಲಿ, ಪಶ್ಚಿಮ ಏಷ್ಯದ ಯುದ್ಧದಿಂದ ಪೆಟ್ರೋಲಿನ ಬೆಲೆಯು ಗಗನಕ್ಕೇರಿತು. ದೊಡ್ಡ ಎಂಜಿನುಗಳು ಜನರ ಕಣ್ಣಿಗೆ ಪಿಶಾಚಿಗಳಂತೆ ಕಂಡವು. ೨,೫೯೧ ಗಾಡಿಗಳು ಮಾತ್ರ ತಯಾರಾಗಿ ೧೯೭೬ರಲ್ಲಿ ಅದೂ ನಿಂತಿತು. ಸಣ್ಣ ಎಂಜಿನಿನ ಎಂ.ಜಿ.ಬಿ.ಯಾದರೋ ೧೯೮೦ರವರೆಗೂ ನಡೆದು ಐದು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಎಂ.ಜಿ.ಸಿ.ಯು ಅಳಿದುದು ತನ್ನ ಭಾರದಿಂದ. ವಿ-೮ ಅಳಿದುದು ಕಾಲದ ಭಾರದಿಂದ.

ಬಲವೂ ಶ್ರುತಿಯೂ

ಇಷ್ಟು ದೃಷ್ಟಾಂತಗಳಿಂದ ಒಂದು ನಿಯಮವು ಸ್ವತಃ ಗೋಚರವಾಗುವುದು. ಎಂಜಿನು ದೊಡ್ಡದಾದರೆ ಗೇರುಪೆಟ್ಟಿಗೆ, ಅಚ್ಚು, ಡಿಫರೆನ್ಷಿಯಲ್ಲುಗಳು ಅದರ ತಿರುಚುಬಲವನ್ನು ತಾಳುವಂತಿರಬೇಕು. ಹೆಚ್ಚು ಪೆಟ್ರೋಲನ್ನು ಸುಡುವ ಎಂಜಿನು ಹೆಚ್ಚು ಶಾಖವನ್ನು ಹುಟ್ಟಿಸುವುದರಿಂದ ರೇಡಿಯೇಟರು ಹಿರಿದಾಗಬೇಕು. ನಮ್ಮ ಕರಾವಳಿಯ ಚೈತ್ರ ವೈಶಾಖಗಳ ಬೇಗೆಯಲ್ಲಿ ಇದು ಇಂಗ್ಲೆಂಡಿಗಿಂತಲೂ ಮುಖ್ಯವಾದುದು. ಎಲ್ಲಕ್ಕಿಂತ ಮಿಗಿಲಾಗಿ ಬ್ರೇಕುಗಳು. ವೇಗವು ಇಮ್ಮಡಿಯಾದರೆ, ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿಯು ಇಮ್ಮಡಿಯಲ್ಲ, ನಾಲ್ಮಡಿ. ಏರುವುದಕ್ಕೆ ಎಂಜಿನನ್ನು ಹಿರಿದು ಮಾಡಿ ಇಳಿಯುವುದಕ್ಕೆ ಬ್ರೇಕನ್ನು ಹಾಗೆಯೇ ಬಿಟ್ಟ ಗಾಡಿಗೆ ಆಗುಂಬೆಯ ತಿರುವುಗಳು ಕ್ಷಮೆಯನ್ನು ತೋರುವುದಿಲ್ಲ.

ನಮ್ಮ ಊರಿನ ಕಲೆಯಿಂದಲೇ ಒಂದು ಉಪಮಾನವನ್ನು ತೆಗೆದುಕೊಳ್ಳಬಹುದು. ಬಡಗುತಿಟ್ಟಿನ ಯಕ್ಷಗಾನಕ್ಕೆ ಏರುಮದ್ದಳೆಯನ್ನು ತಂದವರೆಂದು ಖ್ಯಾತರಾದವರು ಹಿರಿಯಡ್ಕ ಗೋಪಾಲರಾಯರು (೧೯೧೯–೨೦೨೦). ಮದ್ದಳೆಯ ಶ್ರುತಿಯನ್ನು ಏರಿಸುವುದೆಂದರೆ ಮದ್ದಳೆಯೊಂದನ್ನು ಬಿಗಿದರೆ ಮುಗಿಯಲಿಲ್ಲ. ಭಾಗವತರ ಕಂಠವೂ ರಂಗದ ಸಮಸ್ತ ನಾದವೂ ಅದಕ್ಕೆ ಹೊಂದಿದಾಗ ಮಾತ್ರ ಆಟವು ಕಳೆಯೇರುವುದು. ಹೊಂದದಿದ್ದರೆ ಏರಿದ ಶ್ರುತಿಯೇ ಅಪಸ್ವರ. ಎಂ.ಜಿ.ಸಿ.ಯದು ಅಪಸ್ವರ, ವಿ-೮ನದು ಸುಸ್ವರ.

ನಮ್ಮ ನಾಡಿನ ಅನುಭವ

ನಮ್ಮವರು ಎಂಜಿನನ್ನು ಬದಲಿಸಿದುದು ಪಂದ್ಯದ ಗೀಳಿನಿಂದಲ್ಲ, ಬದುಕಿನ ಅಗತ್ಯದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ, ಬಸ್ಸುಗಳ ಹಿಂಬದಿಗೆ ಇದ್ದಿಲ ಒಲೆಯನ್ನು ಕಟ್ಟಿ, ಅದರ ಗ್ಯಾಸಿನಿಂದ ಎಂಜಿನನ್ನು ನಡೆಸಿದರು. ಗ್ಯಾಸಿನಲ್ಲಿ ಎಂಜಿನಿನ ಬಲವು ಬಹುವಾಗಿ ಕುಗ್ಗುವುದು. ಏರು ಬಂದಾಗ ಪ್ರಯಾಣಿಕರು ಇಳಿದು ನಡೆಯುವುದು, ಒಮ್ಮೊಮ್ಮೆ ನೂಕುವುದು, ಆಗಿನ ಸಾಮಾನ್ಯ ಅನುಭವ. ದೊಡ್ಡ ಎಂಜಿನಿನ ಮಹಿಮೆಯು ಅದು ಕಿರಿದಾದಾಗಲೇ ಜನರಿಗೆ ಚೆನ್ನಾಗಿ ತಿಳಿದಿರಬೇಕು.

ಯುದ್ಧಾನಂತರ ಪೆಟ್ರೋಲು ಲಾರಿಗಳ ಎಂಜಿನುಗಳನ್ನು ತೆಗೆದು ಡೀಸೆಲ್ ಎಂಜಿನುಗಳನ್ನು ಕೂರಿಸುವ ಕಾಲವು ಬಂದಿತು. ನಮ್ಮ ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿತ್ತಷ್ಟೆ. ಅದೇ ಮದರಾಸಿನ ಸಿಂಪ್ಸನ್ ಕಂಪನಿಯು ೧೯೫೦ರ ದಶಕದಲ್ಲಿ ಪರ್ಕಿನ್ಸ್ ಪಿ-೬ ಎಂಬ ಆರು ಸಿಲಿಂಡರಿನ ಡೀಸೆಲ್ ಎಂಜಿನನ್ನು ತಯಾರಿಸಿ, ಇಂಥ ಬದಲಾವಣೆಗೆ ಅನುವು ಮಾಡಿಕೊಟ್ಟಿತು. ೧೯೫೧ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೊ ಕಾರ್ಖಾನೆಯು ಡೀಸೆಲ್ ಎಂಜಿನಿಗೆ ಪ್ರಾಣಪ್ರಾಯವಾದ ಇಂಜೆಕ್ಷನ್ ಪಂಪುಗಳನ್ನು ಒದಗಿಸಿತು. ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್ ಸಂಸ್ಥೆಯು ವಾಹನಗಳ ಪಟ್ಟಿ ಸ್ಪ್ರಿಂಗುಗಳಿಗೆ ಹೆಸರಾಯಿತು. ಇದನ್ನು ಕಟ್ಟಿದ ವಿ. ಎಸ್. ಕುಡ್ವರು ೧೯೨೫ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದ ಸಂಸ್ಥೆಯ ಸ್ಥಾಪಕರಲ್ಲಿಯೂ ಒಬ್ಬರು. ಎಂಜಿನು ಒಂದೂರಿನದು, ಪಂಪು ಇನ್ನೊಂದೂರಿನದು, ಸ್ಪ್ರಿಂಗು ಮತ್ತೊಂದೂರಿನದು. ಇವನ್ನೆಲ್ಲ ಹೊಂದಿಸಿ ಗಾಡಿಯನ್ನು ರಸ್ತೆಗಿಳಿಸುವ ಬುದ್ಧಿಯು ಹೆಸರಿಲ್ಲದ ಮೆಕ್ಯಾನಿಕ್ಕುಗಳದು.

ಇಂಗ್ಲಿಷ್ ಮೂಲದ ಕಾರುಗಳಲ್ಲಿ ನಮ್ಮ ದೇಶದ ಕಂಪನಿಗಳೇ ಮಾಡಿದ ಎರಡು ಪ್ರಯೋಗಗಳು ಈ ಪ್ರಸಂಗಕ್ಕೆ ತಕ್ಕವು. ಹಿಂದೂಸ್ಥಾನ್ ಮೋಟಾರ್ಸಿನವರು ೧೯೮೪ರಲ್ಲಿ ವಾಕ್ಸ್‌ಹಾಲ್ ಕಂಪನಿಯ ವಿಶಾಲವಾದ ಗಾಡಿಯೊಂದನ್ನು ಕಾಂಟೆಸ್ಸಾ ಎಂಬ ಹೆಸರಿನಿಂದ ತಂದು, ಅದರೊಳಗೆ ಅಂಬಾಸಿಡರಿನ ೧೪೮೯ ಸಿ.ಸಿ.ಯ ಎಂಜಿನನ್ನೇ ಇಟ್ಟರು. ಆನೆಯ ಮೈಗೆ ಆಡಿನ ಕಾಲುಗಳನ್ನು ಜೋಡಿಸಿದಂತಾಯಿತು. ಅನಂತರ ಜಪಾನಿನ ಇಸುಜು ಕಂಪನಿಯ ೧೮೧೭ ಸಿ.ಸಿ.ಯ ಎಂಜಿನನ್ನು ಕೂರಿಸಿದ ಮೇಲೆಯೇ ಗಾಡಿಯು ತನ್ನ ಗಾಂಭೀರ್ಯಕ್ಕೆ ತಕ್ಕಂತೆ ನಡೆಯಿತು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯದು ಇದರ ವಿಪರ್ಯಾಸ. ಇಂಗ್ಲೆಂಡಿನಲ್ಲಿ ೩೫೨೮ ಸಿ.ಸಿ.ಯ ಅದೇ ಅಲ್ಯೂಮಿನಿಯಮ್ ಎಂಜಿನನ್ನು ಹೊತ್ತು ಮೆರೆದಿದ್ದ ರೋವರ್ ಕಾರಿನ ಮೈಯನ್ನು ೧೯೮೫ರಲ್ಲಿ ಇಲ್ಲಿ ತಂದು, ೧೯೪೦ರ ದಶಕದ ವ್ಯಾನ್‌ಗಾರ್ಡ್ ಕಾರಿನ ಎಂಜಿನಿನ ಸಂತತಿಯಾದ ೧೯೯೧ ಸಿ.ಸಿ.ಯದನ್ನು ತೊಡಿಸಿ, ಸ್ಟ್ಯಾಂಡರ್ಡ್ ೨೦೦೦ ಎಂದು ಮಾರಿದರು. ಮೂರೇ ವರ್ಷಗಳಲ್ಲಿ ಅದು ಕಣ್ಮರೆಯಾಯಿತು. ಮೈಗೆ ತಕ್ಕ ಎಂಜಿನಿಲ್ಲದಿರುವುದೂ ಎಂಜಿನಿಗೆ ತಕ್ಕ ಮೈಯಿಲ್ಲದಿರುವುದೂ ಒಂದೇ ದೋಷದ ಎರಡು ಮುಖಗಳೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕಿಲ್ಲ.

ಅಂಬಾಸಿಡರಿಗೂ ೧೯೯೦ರ ದಶಕದ ಆರಂಭದಲ್ಲಿ ಇಸುಜು ಎಂಜಿನು ಬಂದಿತು. ೨೦೧೪ರ ಮೇ ತಿಂಗಳಿನಲ್ಲಿ ಉತ್ತರಪಾಡಾದ ಕಾರ್ಖಾನೆಯು ಕೆಲಸವನ್ನು ನಿಲ್ಲಿಸುವವರೆಗೆ ಆ ಗಾಡಿಯು ಆಕ್ಸ್‌ಫರ್ಡಿನ ಮೈ, ಜಪಾನಿನ ಹೃದಯ, ಬಂಗಾಳದ ಕೈಕೆಲಸಗಳ ಸಂಗಮವಾಗಿ ಬಾಳಿತು. ಹೀಗಿದ್ದೂ ಅದನ್ನು ಅಂಬಾಸಿಡರಲ್ಲವೆಂದು ಯಾರಾದರೂ ಅಂದರೇ?

ಯಾವುದನ್ನು ಉಳಿಸಬೇಕು?

ಇಲ್ಲಿಗೆ ನಾವು ಮೊದಲು ಎತ್ತಿದ ಪ್ರಶ್ನೆಗೆ ಬಂದು ಮುಟ್ಟಿದೆವು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅಧಿಕಾರವಿಲ್ಲ. ಬೇರೆ ಇಂಧನಕ್ಕೆ ಪರಿವರ್ತಿಸುವುದಕ್ಕೆ ಷರತ್ತುಗಳೊಡನೆ ಅವಕಾಶವುಂಟು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳು ಐವತ್ತು ವರ್ಷಗಳನ್ನು ಮೀರಿದ, ಮೂಲರೂಪದಲ್ಲಿಯೇ ಉಳಿದುಬಂದ, ಗಣನೀಯವಾದ ಮಾರ್ಪಾಡಿಗೆ ಒಳಗಾಗದ ಗಾಡಿಗಳಿಗೆ ಮಾತ್ರ 'ವಿ.ಎ.' ಎಂಬ ಅಕ್ಷರಗಳುಳ್ಳ ಪಾರಂಪರಿಕ ನೋಂದಣಿಯನ್ನು ಕೊಡತಕ್ಕುದೆಂದು ವಿಧಿಸುತ್ತವೆ.

ಕಾನೂನಿನ ಉದ್ದೇಶವು ಸಾಧುವಾದುದೇ. ರಸ್ತೆಯಲ್ಲಿ ನಡೆಯುವ ಅನ್ಯರ ಪ್ರಾಣವು ನಮ್ಮ ವೇಗದ ಚಪಲಕ್ಕೆ ಬಲಿಯಾಗಬಾರದು. ಎಂಜಿನು ಹಿರಿದಾಗಿ ಬ್ರೇಕು ಕಿರಿದಾಗಿಯೇ ಉಳಿದ ಗಾಡಿಯು ನಿಜವಾಗಿಯೂ ಅಪಾಯಕರ. ಆದರೂ ಚರಿತ್ರೆಯ ದೃಷ್ಟಿಯಿಂದ ನೋಡುವವನಿಗೆ ಒಂದು ಇಕ್ಕಟ್ಟು ಎದುರಾಗುವುದು. ಗಾಡಿಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಮಾರ್ಪಾಡಿನ ಚರಿತ್ರೆಯೇ. ಕಿಂಬರನು ಮೋರಿಸ್ ಗಾಡಿಯನ್ನು ಮಾರ್ಪಡಿಸದಿದ್ದರೆ ಎಂ.ಜಿ. ಹುಟ್ಟುತ್ತಿರಲಿಲ್ಲ, ಶೆಲ್ಬಿಯು ಏಸನ್ನು ಮುಟ್ಟದಿದ್ದರೆ ಕೋಬ್ರಾ ಇರುತ್ತಿರಲಿಲ್ಲ, ಕಾಸ್ಟೆಲ್ಲೊ ತೋರಿಸಿಕೊಡದಿದ್ದರೆ ಎಂ.ಜಿ. 'ವಿ-೮' ಬರುತ್ತಿದ್ದುದು ಸಂದೇಹ. ನಮ್ಮಲ್ಲಿಯೂ ಡೀಸೆಲ್ ಎಂಜಿನನ್ನು ಹೊತ್ತು ಬಾಳಿದ ಹಳೆಯ ಲಾರಿಯು ನಮ್ಮ ಜನರ ಬುದ್ಧಿ ಬಡತನಗಳೆರಡನ್ನೂ ಮೈಮೇಲೆ ಬರೆದುಕೊಂಡಿರುವ ಶಾಸನದಂತಿರುವುದು. ಅದು ಮೂಲರೂಪದ್ದಲ್ಲವೆಂದು ಗುಜರಿಗೆ ಹಾಕಿದರೆ, ಆ ಶಾಸನವನ್ನು ಓದದೆ ಒಡೆದಂತಾಗುವುದಿಲ್ಲವೇ?

ಆದುದರಿಂದ ಈ ವಿಷಯದಲ್ಲಿ ಎರಡು ಬಗೆಯ ಗಾಡಿಗಳನ್ನು ಬೇರ್ಪಡಿಸಿ ನೋಡುವುದು ಯುಕ್ತವೆಂದು ತೋರುವುದು. ಮೊದಲನೆಯವು, ಇಂದಿಗೂ ಮೂಲದ ಎಂಜಿನನ್ನೇ ಉಳಿಸಿಕೊಂಡು ಬಂದವು. ಇವುಗಳ ಸಂಖ್ಯೆಯು ದಿನೇ ದಿನೇ ಕುಗ್ಗುತ್ತಿರುವುದರಿಂದ, ಅವುಗಳ ಎಂಜಿನನ್ನು ಈಗ ಬದಲಿಸುವುದು ತಾಳೆಗರಿಯ ಗ್ರಂಥವನ್ನು ಅಳಿಸಿ ಹೊಸ ಕಾವ್ಯವನ್ನು ಬರೆದಂತೆ. ಹೊಸ ಕಾವ್ಯವು ಎಷ್ಟೇ ಸೊಗಸಾಗಿರಲಿ, ನಷ್ಟವು ನಷ್ಟವೇ. ಎರಡನೆಯವು, ಹಿಂದೆಯೇ ಮಾರ್ಪಟ್ಟು ಹಾಗೆಯೇ ದಶಕಗಳ ಕಾಲ ದುಡಿದವು. ಇವುಗಳಿಗೆ ಆ ಮಾರ್ಪಾಡೇ ಚರಿತ್ರೆ. ಇವನ್ನು ಮೂಲರೂಪಕ್ಕೆ ತಿದ್ದುವುದಾಗಲಿ, ಕೆಡವುವುದಾಗಲಿ ಸಲ್ಲದು. ರಸ್ತೆಯ ಮೇಲೆ ಓಡಲು ಕಾನೂನು ಅನುಮತಿಸದಿದ್ದರೆ, ಓಡದೆ ನಿಂತಾದರೂ ಅವು ತಮ್ಮ ಕಥೆಯನ್ನು ಹೇಳಬಲ್ಲವು. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸ್ಥೆಯಿಂದ ಬೆಳೆದ ಮಂಜೂಷಾ ಸಂಗ್ರಹಾಲಯವು ಹಳೆಯ ಮೋಟಾರು ಗಾಡಿಗಳನ್ನೂ ವಿಗ್ರಹ, ಗ್ರಂಥ, ನಾಣ್ಯಗಳಂತೆಯೇ ಪೂಜ್ಯವಸ್ತುಗಳೆಂದು ಎಣಿಸಿ ಕಾಪಾಡಿರುವುದು ನಮ್ಮ ಕರಾವಳಿಗೆ ಮಾದರಿಯಾಗಿದೆ.

ಗಾಡಿಗಳಿಗಿಂತಲೂ ಬೇಗನೆ ಮರೆಯಾಗುವುದು ಅವುಗಳನ್ನು ಹೊಂದಿಸಿದವರ ಜ್ಞಾನ. ಕಾರ್ಖಾನೆಯ ನಕ್ಷೆಗಳು ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಉಳಿದಿವೆ. ಯಾವ ಲಾರಿಗೆ ಯಾವ ಎಂಜಿನು ಕುಳಿತಿತು, ಯಾವ ತಗಡನ್ನು ಎಷ್ಟು ತಗ್ಗಿಸಬೇಕಾಯಿತು, ಘಟ್ಟದ ಇಳಿಜಾರಿಗೆಂದು ಬ್ರೇಕನ್ನು ಹೇಗೆ ಬಿಗಿದರು ಎಂಬುದು ನಮ್ಮಲ್ಲಿ ವೃದ್ಧರಾದ ಮೆಕ್ಯಾನಿಕ್ಕುಗಳ, ಚಾಲಕರ ನೆನಪಿನಲ್ಲಿ ಮಾತ್ರ ಇದೆ. ಶಾಸನಗಳನ್ನೂ ಪಾಡ್ದನಗಳನ್ನೂ ಸಂಗ್ರಹಿಸಿದ ನಾಡು ನಮ್ಮದು. ಅದೇ ಶ್ರದ್ಧೆಯಿಂದ ಈ ನೆನಪುಗಳನ್ನೂ, ಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ನೋಂದಣಿ ಪುಸ್ತಕಗಳನ್ನೂ ವರ್ಕ್‌ಶಾಪಿನ ಲೆಕ್ಕಪತ್ರಗಳನ್ನೂ ಬರೆದಿಡುವ ಕೆಲಸವನ್ನು ಊರೂರಿನ ಸಾಹಿತ್ಯಾಸಕ್ತರು ಕೈಗೆತ್ತಿಕೊಂಡರೆ ಅದು ದೊಡ್ಡ ಉಪಕಾರವಾದೀತು. ಈ ಕೆಲಸಕ್ಕೆ ಹಣವು ಹೆಚ್ಚು ಬೇಡ. ಕಿವಿಗೊಡುವ ತಾಳ್ಮೆಯೊಂದು ಸಾಕು. ಹೇಳಬಲ್ಲವರು ನಮ್ಮ ನಡುವೆ ಇರುವಾಗಲೇ ಅದನ್ನು ಮಾಡಬೇಕು.